ಮೂಕಜ್ಜಿಯ ಕಾಣ್ಕೆ: ಕಾದಂಬರಿಯಲ್ಲಿ ಅಸಾಧಾರಣ ಶಕ್ತಿಯ ಸಂಭಾವ್ಯತೆ

1

ಕರ್ನಾಟಕದ ಹೊರಗೆ ಕನ್ನಡ ಕಾದಂಬರಿಯನ್ನು ಪಾಠ ಹೇಳುವವರಿಗೆ ಒದಗುವ ಒಂದು ಲಾಭವೆಂದರೆ, ಕನ್ನಡಿಗರು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಅನ್ಯಭಾಷಿಕ ವಿದ್ಯಾರ್ಥಿಗಳು ಕೇಳುತ್ತಾರೆ. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಕಾದಂಬರಿಯನ್ನು ಅನುವಾದದಲ್ಲಿ ಓದಿದ ವಿದ್ಯಾರ್ಥಿಗಳು ನಮ್ಮೆದುರು ಮತ್ತೆ ಮತ್ತೆ ಇಡುವ ಪ್ರಶ್ನೆ ಸರಳವಾದುದು: ಅಜ್ಜಿಗೆ ಅದೆಲ್ಲ ಹೇಗೆ ತಿಳಿಯಿತು? ಶಾಲೆಯ ಮೆಟ್ಟಿಲು ಹತ್ತದ, ಊರು ಬಿಟ್ಟು ಹೆಚ್ಚು ದೂರ ಹೋಗದ, ಹತ್ತರ ಹರೆಯದಲ್ಲಿಯೇ ವಿಧವೆಯಾದ ಮುದುಕಿಯೊಬ್ಬಳು ಒಂದು ಎಲುಬಿನ ಚೂರನ್ನು ಕೈಯಲ್ಲಿ ಹಿಡಿದು ಸಾವಿರಾರು ವರ್ಷಗಳ ಹಿಂದಿನ ಜನರ ಬದುಕನ್ನು ಕಾಣುತ್ತಾಳೆಂದರೆ, ಜೀವನದುದ್ದಕ್ಕೂ ಮೂಢನಂಬಿಕೆಗಳನ್ನು ವಿರೋಧಿಸಿದ ಲೇಖಕರು ಅದನ್ನು ನಂಬಿ ಬರೆದರೇ? ನಂಬದೆ ಬರೆದಿದ್ದರೆ ನಾವು ಅದನ್ನು ನಂಬುವುದಾದರೂ ಹೇಗೆ?

1968ರಲ್ಲಿ ಪ್ರಕಟವಾದ, 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ಈ ಕೃತಿಯ ಬಗ್ಗೆ ಕನ್ನಡದಲ್ಲಿ ವಿಪುಲವಾದ ಚರ್ಚೆ ನಡೆದಿದೆ. ಅದರ ಬಹುಭಾಗ ಅಜ್ಜಿ ಏನನ್ನು ಹೇಳುತ್ತಾಳೆ ಎಂಬುದರ ಸುತ್ತ, ಅಂದರೆ ದೇವರು, ಕಾಮ, ಸಂನ್ಯಾಸ, ಅವತಾರಗಳ ಕುರಿತ ಅವಳ ವಿಚಾರಗಳ ಸುತ್ತ ಸಾಗಿದೆ. ಅವಳು ಹೇಗೆ ಕಾಣುತ್ತಾಳೆ, ಆ ಕಾಣುವಿಕೆ ಓದುಗನಲ್ಲಿ ಯಾವ ಆಧಾರದ ಮೇಲೆ ನೆಲೆಗೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಕೇವಲ ತಂತ್ರದ ವಿಷಯವೆಂದು ಬದಿಗಿಟ್ಟದ್ದೇ ಹೆಚ್ಚು. ಆದರೆ ಈ ಕೃತಿಯಲ್ಲಿ ತಂತ್ರ ಮತ್ತು ವಿಚಾರಗಳನ್ನು ಹೀಗೆ ಬೇರ್ಪಡಿಸಲಾಗದು. ಅಜ್ಜಿಯ ಶಕ್ತಿಯನ್ನು ಪವಾಡವೆಂದು ಒಪ್ಪಿಕೊಂಡರೆ ಪವಾಡಗಳನ್ನು ಪ್ರಶ್ನಿಸುವ ಅವಳ ಮಾತಿಗೆ ಬಲವಿಲ್ಲ. ಅದನ್ನು ಲೇಖಕನ ಬರಿಯ ಹೂಟವೆಂದು ತಳ್ಳಿಹಾಕಿದರೆ ಅಜ್ಜಿಯೆಂಬ ವ್ಯಕ್ತಿಯೇ ಉಳಿಯುವುದಿಲ್ಲ. ಈ ಇಕ್ಕಟ್ಟಿನಿಂದ ಕಾದಂಬರಿ ಎಲ್ಲಿ ಪಾರಾಗುತ್ತದೆ, ಎಲ್ಲಿ ಪಾರಾಗುವುದಿಲ್ಲ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಸಮಸ್ಯೆ ಹೊಸದಲ್ಲ. ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ, ನಂಬಲಾಗದ ಸಾಧ್ಯಕ್ಕಿಂತ ನಂಬಲಾಗುವ ಅಸಾಧ್ಯವೇ ಕವಿಗೆ ಮೇಲೆಂಬ ಅಭಿಪ್ರಾಯವನ್ನು ಸೂಚಿಸಿದ್ದಾನೆ. ಘಟನೆಯೊಂದು ಲೋಕದಲ್ಲಿ ನಡೆಯಬಹುದೇ ಎಂಬುದು ಒಂದು ಪ್ರಶ್ನೆ. ಕೃತಿಯೊಳಗೆ ಅದು ಸಲ್ಲುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಬೆರೆಸಬಾರದೆಂಬುದು ಆ ಮಾತಿನ ಸಾರ.

ನಮ್ಮ ಮೀಮಾಂಸಕರಲ್ಲಿ ಒಂಬತ್ತನೆಯ ಶತಮಾನದ ಆನಂದವರ್ಧನ ಇದೇ ಪ್ರಶ್ನೆಯನ್ನು ಇನ್ನೂ ಹತ್ತಿರದಿಂದ ಎದುರಿಸಿದ್ದಾನೆ. 'ಧ್ವನ್ಯಾಲೋಕ'ದ ಮೂರನೆಯ ಉದ್ದ್ಯೋತದಲ್ಲಿ ಪ್ರಕೃತಿಯ ಔಚಿತ್ಯವನ್ನು ಚರ್ಚಿಸುವಾಗ, ಕೇವಲ ಮನುಷ್ಯನಾದ ಅರಸನೊಬ್ಬ ಏಳು ಸಮುದ್ರಗಳನ್ನು ಲಂಘಿಸಿದನೆಂದು ವರ್ಣಿಸಿದರೆ ಆ ವರ್ಣನೆ ಎಷ್ಟು ಸೊಗಸಾಗಿದ್ದರೂ ನೀರಸವೇ ಆಗುತ್ತದೆ ಎನ್ನುತ್ತಾನೆ. ಹಾಗಾದರೆ ಸಾತವಾಹನ ಮೊದಲಾದ ಅರಸರು ನಾಗಲೋಕಕ್ಕೆ ಹೋದರೆಂಬ ಕಥೆಗಳ ಗತಿಯೇನು ಎಂಬ ಆಕ್ಷೇಪವನ್ನೂ ತಾನೇ ಎತ್ತಿ ಉತ್ತರಿಸುತ್ತಾನೆ. ಅರಸರ ಪ್ರಭಾವಾತಿಶಯವನ್ನು ವರ್ಣಿಸುವುದೇ ತಪ್ಪೆಂದು ಅವನು ಹೇಳುವುದಿಲ್ಲ. ಪರಂಪರೆಯಲ್ಲಿ ಎಷ್ಟು ಕೇಳಿಬಂದಿದೆಯೋ ಅಷ್ಟನ್ನು ವರ್ಣಿಸಿದರೆ ಬಾಧಕವಿಲ್ಲ. ಕವಿ ತಾನೇ ಕಲ್ಪಿಸಿದ ಕೇವಲ ಮಾನುಷ ಪಾತ್ರಕ್ಕೆ ದಿವ್ಯಪಾತ್ರದ ಔಚಿತ್ಯವನ್ನು ಹೊಂದಿಸುವುದು ಮಾತ್ರ ಸಲ್ಲದು. ಪಾಂಡವರಂಥ ದಿವ್ಯಮಾನುಷರಲ್ಲಿ ಎರಡೂ ಕೂಡಬಹುದು.

ಇಲ್ಲಿ ಗಮನಾರ್ಹವಾದುದು ಮಿತಿಯ ಕಲ್ಪನೆ. ಅಸಾಧಾರಣ ಶಕ್ತಿಯನ್ನು ಆನಂದವರ್ಧನ ನಿಷೇಧಿಸುವುದಿಲ್ಲ. ಅದಕ್ಕೆ ಮೇರೆಯನ್ನು ಕೇಳುತ್ತಾನೆ. ಆ ಮೇರೆಯನ್ನು ಗೊತ್ತುಮಾಡುವುದು ಪರಂಪರೆ, ಅಂದರೆ ಓದುಗರು ಮೊದಲೇ ಕೇಳಿ ಒಪ್ಪಿಕೊಂಡಿರುವ ಕಥೆ. ಆಧುನಿಕ ಕಾದಂಬರಿಕಾರನಿಗೆ ಈ ಆಸರೆಯಿಲ್ಲ. ಅವನ ಪಾತ್ರ ಆನಂದವರ್ಧನ ಹೇಳಿದ ಉತ್ಪಾದ್ಯ ವಸ್ತುವಿನ ಕೇವಲ ಮಾನುಷ ಪಾತ್ರ. ಮೇರೆಯನ್ನು ಕೃತಿಯೇ ಕಟ್ಟಿಕೊಳ್ಳಬೇಕು.

3

ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಲು ಹಳಗನ್ನಡದಿಂದ ಒಂದು ಪ್ರಸಂಗವನ್ನು ಎತ್ತಿಕೊಳ್ಳಬಹುದು. ಕ್ರಿ.ಶ. 941ರ ಪಂಪನ 'ಆದಿಪುರಾಣ'ದಲ್ಲಿ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿ, ಕೇವಲಜ್ಞಾನ ಮಹೋತ್ಸವಕ್ಕೆ ತೆರಳುತ್ತಿರುವ ದೇವತೆಗಳನ್ನು ಕಂಡು ಮೂರ್ಛೆ ಹೋಗುತ್ತಾಳೆ. ಎಚ್ಚೆತ್ತಾಗ ಅವಳಿಗೆ ತಾನು ಹಿಂದಿನ ಭವದಲ್ಲಿ ಲಲಿತಾಂಗದೇವನ ನಲ್ಲೆ ಸ್ವಯಂಪ್ರಭೆಯಾಗಿದ್ದ ನೆನಪು ಮರುಕಳಿಸಿದೆ. ಆ ನೆನಪನ್ನು ಅವಳು ಚಿತ್ರಪಟವಾಗಿ ಬರೆಯುತ್ತಾಳೆ. ಪಂಡಿತೆಯೆಂಬ ದಾದಿ ಪಟವನ್ನು ಜಿನಾಲಯಕ್ಕೆ ಒಯ್ಯುತ್ತಾಳೆ. ಲಲಿತಾಂಗನೇ ಮರುಹುಟ್ಟು ಪಡೆದ ವಜ್ರಜಂಘ ಅದನ್ನು ಕಂಡು ತಾನೂ ಹಿಂದಿನದನ್ನು ನೆನೆಯುತ್ತಾನೆ.

ಜಾತಿಸ್ಮರಣೆಯ ಈ ಪ್ರಸಂಗದಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು. ನೆನಪು ತಾನಾಗಿ ಏಳುವುದಿಲ್ಲ. ಕಣ್ಣೆದುರಿನ ಒಂದು ದೃಶ್ಯ ಅದನ್ನು ಕದಡುತ್ತದೆ. ಕಂಡವಳು ದೇಹದಲ್ಲಿ ಅದರ ಬೆಲೆ ತೆರುತ್ತಾಳೆ. ಕಂಡದ್ದು ಅವಳೊಬ್ಬಳಲ್ಲಿಯೇ ಉಳಿಯದೆ ಇತರರು ಪರೀಕ್ಷಿಸಬಹುದಾದ ಪಟವಾಗಿ ಹೊರಗೆ ಬರುತ್ತದೆ. ಇಷ್ಟು ಎಚ್ಚರ ವಹಿಸುವ ಅಗತ್ಯ ಪಂಪನಿಗೆ ಇರಲೇಬೇಕೆಂದಿಲ್ಲ. ಏಕೆಂದರೆ ಜೈನದರ್ಶನದಲ್ಲಿ ಮತಿ, ಶ್ರುತ, ಅವಧಿ, ಮನಃಪರ್ಯಯ, ಕೇವಲ ಎಂದು ಜ್ಞಾನವೇ ಐದು ಬಗೆ. ಇಂದ್ರಿಯಗಳಿಗೆ ಮೀರಿದ ಅರಿವಿಗೆ ಅಲ್ಲಿ ಮೊದಲೇ ಒಂದು ಸ್ಥಾನವಿದೆ. ಅವಧಿ ಎಂಬ ಶಬ್ದಕ್ಕೇ ಮೇರೆ ಎಂಬ ಅರ್ಥವಿರುವುದನ್ನೂ ಮರೆಯುವಂತಿಲ್ಲ. ದೂರದ್ದನ್ನು ಕಾಣುವ ಜ್ಞಾನವನ್ನು ಶಾಸ್ತ್ರಕಾರರು ಅದರ ಮಿತಿಯಿಂದಲೇ ಹೆಸರಿಸಿದರು.

ಕಾರಂತರು ಜೈನಪುರಾಣದಿಂದ ಪ್ರೇರಣೆ ಪಡೆದರೆಂದು ನಾವು ಸೂಚಿಸುತ್ತಿಲ್ಲ. ಆದರೆ ಸಾವಿರ ವರ್ಷಗಳ ಅಂತರದ ಈ ಎರಡು ಪ್ರಸಂಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕಾರಂತರು ಮಾಡಿದ ಮಾರ್ಪಾಡು ಎದ್ದು ಕಾಣುತ್ತದೆ. ಶ್ರೀಮತಿ ನೆನೆಯುವುದು ತನ್ನ ಹಿಂದಿನ ಭವವನ್ನು. ಮೂಕಜ್ಜಿ ಕಾಣುವುದು ತನ್ನದಲ್ಲದ ಬದುಕನ್ನು. ಒಂದು ಜೀವದ ಭವಾವಳಿಯ ಜಾಗದಲ್ಲಿ ಇಲ್ಲಿ ಒಂದು ನೆಲದ ಮೇಲೆ ಬಾಳಿಹೋದ ಜನಗಳ ಸಾಲು ನಿಲ್ಲುತ್ತದೆ. ಜನ್ಮಾಂತರದ ನೆನಪು ಸಮುದಾಯದ ನೆನಪಾಗಿ ಮಾರ್ಪಟ್ಟಿದೆ. ಆತ್ಮದ ಅವಿಚ್ಛಿನ್ನತೆಯನ್ನು ನಂಬದ ಓದುಗನೂ ನೆಲದ ಅವಿಚ್ಛಿನ್ನತೆಯನ್ನು ಒಪ್ಪುತ್ತಾನೆ. ಶಕ್ತಿ ಅಲೌಕಿಕವಾಗಿದ್ದರೂ ಅದರ ವಿಷಯ ಲೌಕಿಕವಾಗಿದೆ ಎಂಬುದು ಅಜ್ಜಿಯನ್ನು ನಂಬಲು ಸಿಗುವ ಮೊದಲ ಆಧಾರ.

4

ಕಾದಂಬರಿ ಮೊಮ್ಮಗ ಸುಬ್ಬರಾಯನ ನಿರೂಪಣೆಯಲ್ಲಿದೆ. ಅವನು ವಿದ್ಯಾವಂತ; ಹಳೆಯ ಕಾಲದ ಬಗ್ಗೆ ಕುತೂಹಲವುಳ್ಳವನು; ಅಜ್ಜಿಯನ್ನು ಪ್ರೀತಿಸುತ್ತಾನೆ, ಅಷ್ಟೇ ಸಂದೇಹಿಸುತ್ತಾನೆ. ಮೂಡೂರಿನ ಆಸುಪಾಸಿನಲ್ಲಿ ಸಿಕ್ಕ ವಸ್ತುಗಳನ್ನು ತಂದು ಅವಳ ಕೈಗೆ ಕೊಡುವವನು ಅವನೇ. ಅಜ್ಜಿಯ ಮಾತು ನಮಗೆ ನೇರವಾಗಿ ತಲುಪದೆ ಈ ಸಂದೇಹದ ಮೂಲಕ ಸೋಸಿ ಬರುತ್ತದೆ. ಓದುಗ ಕೇಳಬೇಕೆಂದಿರುವ ಪ್ರಶ್ನೆಯನ್ನು ಮೊಮ್ಮಗ ಮೊದಲೇ ಕೇಳಿರುವುದರಿಂದ ನಮ್ಮ ಅಪನಂಬಿಕೆಗೆ ಕೃತಿಯೊಳಗೇ ಒಬ್ಬ ಪ್ರತಿನಿಧಿ ಸಿಕ್ಕಂತಾಗುತ್ತದೆ. ಇದು ಸಾಕ್ಷಿಯ ವ್ಯವಸ್ಥೆ. ಈ ಸಾಕ್ಷಿ ಭಕ್ತನಾಗಿದ್ದರೆ ಅಜ್ಜಿ ದೇವಿಯಾಗುತ್ತಿದ್ದಳು; ಶತ್ರುವಾಗಿದ್ದರೆ ಹುಚ್ಚಿಯಾಗುತ್ತಿದ್ದಳು. ಮೊಮ್ಮಗನಾದ ಕಾರಣ ಅವಳು ಅಜ್ಜಿಯಾಗಿಯೇ ಉಳಿಯುತ್ತಾಳೆ.

ಎರಡನೆಯದಾಗಿ, ಶಕ್ತಿಗೆ ಬದುಕಿನಲ್ಲಿರುವ ಬೇರು. ಮೂಕಾಂಬಿಕೆಯೆಂಬ ಹುಡುಗಿ ದಾಂಪತ್ಯವೆಂದರೇನೆಂದು ಅರಿಯುವ ಮೊದಲೇ ವಿಧವೆಯಾದಳು. ಆ ಬಳಿಕ ಏಳು ದಶಕಗಳ ಕಾಲ ಅವಳಿಗೆ ಮನೆಯಲ್ಲಿ ಕೆಲಸವಿತ್ತು, ಮಾತಿಗೆ ಸ್ಥಾನವಿರಲಿಲ್ಲ. ಹೆಸರಿನೊಳಗಿನ 'ಮೂಕ' ಎಂಬುದು ದೇವಿಯ ಹೆಸರಿನ ತುಂಡು ಮಾತ್ರವಲ್ಲ, ಸಮಾಜ ಅವಳಿಗೆ ವಿಧಿಸಿದ ಸ್ಥಿತಿಯೂ ಹೌದು. ಮಾತನಾಡಲು ಬಿಡದವರ ಎದುರು ದೀರ್ಘಕಾಲ ಸುಮ್ಮನಿದ್ದ ಜೀವ ನೋಡುವುದರಲ್ಲಿ ಪಳಗುತ್ತದೆ ಎಂಬುದು ಪವಾಡವಲ್ಲ, ಲೋಕಾನುಭವ. ನಮ್ಮ ಮನೆಗಳ ಹಿತ್ತಿಲುಗಳಲ್ಲಿ ಬಾಳು ಸವೆಸಿದ ಹಿರಿಯ ಹೆಂಗಸರು ಮುಖ ನೋಡಿ ಮನಸ್ಸು ಓದುತ್ತಿದ್ದುದನ್ನು ಕಂಡವರಿಗೆ, ಗಂಡ ಬಿಟ್ಟ ನಾಗಿಯ ಒಡಲುರಿಯನ್ನು ಮೂಕಜ್ಜಿ ಅರಿಯುವ ಬಗೆ ಅಪರಿಚಿತವೆನಿಸದು. ಕಾರಂತರ ತಂತ್ರದ ಸೂಕ್ಷ್ಮ ಇಲ್ಲಿದೆ. ಮನುಷ್ಯರನ್ನು ಓದುವ ಸಾಧಾರಣ ಬಲ್ಲವಿಕೆ ಮತ್ತು ವಸ್ತುಗಳನ್ನು ಓದುವ ಅಸಾಧಾರಣ ಶಕ್ತಿ, ಇವೆರಡರ ನಡುವೆ ಅವರು ಗೆರೆ ಎಳೆಯುವುದಿಲ್ಲ. ಮೊದಲನೆಯದನ್ನು ನಂಬಿದ ಓದುಗ ಎರಡನೆಯದರ ಹೊಸ್ತಿಲನ್ನು ಗೊತ್ತಾಗದಂತೆ ದಾಟಿರುತ್ತಾನೆ.

ಮೂರನೆಯದು, ಕಾರಂತರು ಕೈಯಲ್ಲಿದ್ದೂ ಬಳಸದೆ ಬಿಟ್ಟ ಒಂದು ಸಿದ್ಧರೂಪ. ಕರಾವಳಿಯ ಸಮಾಜದಲ್ಲಿ ಅತೀಂದ್ರಿಯ ನುಡಿಗೆ ಒಪ್ಪಿತವಾದ ಒಂದು ವ್ಯವಸ್ಥೆಯಿದೆ. ಭೂತದ ಕೋಲದಲ್ಲಿ, ನಾಗದರ್ಶನದಲ್ಲಿ ಪಾತ್ರಿಯ ಮೈಮೇಲೆ ಬರುವ ಆವೇಶವನ್ನು, ಅವನು ಕೊಡುವ ನುಡಿಯನ್ನು ಊರು ಪ್ರಶ್ನೆಯಿಲ್ಲದೆ ಸ್ವೀಕರಿಸುತ್ತದೆ. ಈ ಲೋಕವನ್ನು ಕಾರಂತರು ಹತ್ತಿರದಿಂದ ಬಲ್ಲವರು. ಅಜ್ಜಿಯ ಮೈಮೇಲೆ ಒಂದು ದೈವವನ್ನು ಬರಿಸಿದ್ದರೆ ಸಂಭಾವ್ಯತೆಯ ಪ್ರಶ್ನೆ ಅರ್ಧ ಬಗೆಹರಿಯುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಅಜ್ಜಿಗೆ ವಾದ್ಯವಿಲ್ಲ, ಹಿಂಗಾರವಿಲ್ಲ, ನಡುಕವಿಲ್ಲ, ಕಾಣಿಕೆಯಿಲ್ಲ. ದೈವದ ಹೆಸರಿನಲ್ಲಿ ಆಡಿದ ಮಾತಿಗೆ ದೈವದ ಅಧಿಕಾರವಿರುತ್ತದೆ. ಅದನ್ನು ಕೇಳುವವನು ಶರಣಾಗಬೇಕು. ಅಜ್ಜಿಯ ಮಾತಿಗೆ ಅಂಥ ಅಧಿಕಾರವಿಲ್ಲ. ಕೇಳಿದವನು ಅದನ್ನು ತೂಗಿನೋಡಬಹುದು, ಮುದುಕಿಯ ಬಡಬಡಿಕೆಯೆಂದು ಬಿಟ್ಟುಬಿಡಲೂಬಹುದು. ಅಧಿಕಾರವನ್ನು ಕಳಚಿಟ್ಟ ಕಾಣ್ಕೆ ಮಾತ್ರವೇ ಅಧಿಕಾರವನ್ನು ಪ್ರಶ್ನಿಸಬಲ್ಲದು. ಲೇಖನದ ಮೊದಲಿಗೆ ಹೇಳಿದ ಇಕ್ಕಟ್ಟಿನಿಂದ ಕಾದಂಬರಿ ಪಾರಾಗುವುದು ಈ ದಾರಿಯಲ್ಲಿ.

ಮುನ್ನುಡಿಯಲ್ಲಿ, ಇಂಥ ಅಜ್ಜಿಯೊಬ್ಬಳು ಇದ್ದಾಳೆಯೇ ಎಂಬ ಶಂಕೆ ಬರಬಹುದೆಂಬುದನ್ನು ಕಾರಂತರೇ ಮುಂಗಂಡಿದ್ದಾರೆ. ಆ ಶಂಕೆಗೆ ಅವರು ಶಾಸ್ತ್ರೀಯವಾದ ಸಮಾಧಾನವನ್ನು ಕೊಡಹೊರಡುವುದಿಲ್ಲ. ಮನಶ್ಶಾಸ್ತ್ರದಿಂದಲೋ ಯೋಗಶಾಸ್ತ್ರದಿಂದಲೋ ಒಂದು ಕಾರಣವನ್ನು ಒದಗಿಸಿದ್ದರೆ ಓದುಗ ಆ ಕಾರಣದ ಸರಿತಪ್ಪನ್ನು ವಿಚಾರಿಸಲು ತೊಡಗುತ್ತಿದ್ದ. ಅಜ್ಜಿಯಿಂದ ಅವನ ಗಮನ ಜಾರುತ್ತಿತ್ತು. ಅಸಾಧಾರಣ ಶಕ್ತಿಗೆ ವಿವರಣೆ ಹೆಚ್ಚಿದಷ್ಟೂ ನಂಬಿಕೆ ಕಡಿಮೆಯಾಗುವುದನ್ನು ನಾವು ಹಲವು ಕೃತಿಗಳಲ್ಲಿ ಕಾಣುತ್ತೇವೆ.

5

ಇಷ್ಟಾದರೂ ಕೃತಿಯನ್ನು ಓದುತ್ತಿರುವಾಗ ಕೆಲವೆಡೆ ನಮ್ಮ ನಂಬಿಕೆ ಸಡಿಲಗೊಳ್ಳುವುದನ್ನು ಮುಚ್ಚಿಡಬೇಕಾಗಿಲ್ಲ. ಎಲ್ಲಿ ಸಡಿಲಗೊಳ್ಳುತ್ತದೆ ಎಂಬುದು ಮುಖ್ಯ. ಅಜ್ಜಿ ವಸ್ತುವನ್ನು ಹಿಡಿದು ಕಣ್ಣುಮುಚ್ಚಿ, ಕಂಡದ್ದನ್ನು ತುಂಡುತುಂಡಾಗಿ ಹೇಳುವೆಡೆಗಳಲ್ಲಿ ಅಲ್ಲ; ಅಲ್ಲಿ ಅಸಾಧ್ಯವಾದುದೇ ನಡೆಯುತ್ತಿದ್ದರೂ ನಾವು ಮರುಮಾತಿಲ್ಲದೆ ಜೊತೆಗೆ ಹೋಗುತ್ತೇವೆ. ಸಡಿಲಗೊಳ್ಳುವುದು, ಅವಳು ಕಾಣುವುದನ್ನು ನಿಲ್ಲಿಸಿ ವಿವೇಚಿಸಲು ತೊಡಗಿದಾಗ: ದೇವತೆಗಳ ಕಲ್ಪನೆ ಹೇಗೆ ಹುಟ್ಟಿತು, ಒಂದು ಆರಾಧನೆಯ ಮೇಲೆ ಇನ್ನೊಂದು ಹೇಗೆ ಏರಿತು, ಅವತಾರಗಳ ಕಥೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬ ವಿಚಾರಗಳು ಸಾಲುಗಟ್ಟಿ ಬಂದಾಗ. ಆ ವಿಚಾರಗಳಲ್ಲಿ ತಪ್ಪಿದೆಯೆಂದಲ್ಲ. ಅವು ಕಾರಂತರ ವಿಚಾರಗಳೊಂದಿಗೆ ಅತಿಯಾಗಿ ಹೊಂದುತ್ತವೆ ಎಂಬುದೇ ತೊಡಕು. 'ಬಾಲ ಪ್ರಪಂಚ', 'ವಿಜ್ಞಾನ ಪ್ರಪಂಚ'ಗಳ ಸಂಪುಟಗಳನ್ನು ಒಬ್ಬಂಟಿಯಾಗಿ ರಚಿಸಿ ಕನ್ನಡಿಗರಿಗೆ ಅರಿವನ್ನು ಹಂಚಿದ ಆ ಶಿಕ್ಷಕನ ದನಿ ಅಜ್ಜಿಯ ದನಿಯ ಹಿಂದೆ ಕೇಳಿಸತೊಡಗುತ್ತದೆ.

ನಮ್ಮ ಮುಖ್ಯ ಪ್ರತಿಪಾದನೆ ಇಲ್ಲಿಂದ ಹೊರಡುತ್ತದೆ. ಪಾತ್ರದ ಅಸಾಧಾರಣ ಶಕ್ತಿ ನಿಸರ್ಗನಿಯಮವನ್ನು ಮೀರಿದ್ದರಿಂದಾಗಿ ಅಸಂಭಾವ್ಯವಾಗುವುದು ಅಪರೂಪ. ಅದು ಲೇಖಕನಿಗೆ ವಿಧೇಯವಾದಾಗ ಅಸಂಭಾವ್ಯವಾಗುತ್ತದೆ. ಬೇಕಾದಾಗ ಬೇಕಾದ ಉತ್ತರವನ್ನು ಕೊಡುವ ಶಕ್ತಿಯನ್ನು ಓದುಗ ನಂಬುವುದಿಲ್ಲ. ಅದೇ ಶಕ್ತಿ ಕೆಲವೊಮ್ಮೆ ಸುಮ್ಮನಿದ್ದರೆ, ಕೇಳದ್ದನ್ನು ಹೇಳಿದರೆ, ಹೊತ್ತವರಿಗೇ ನೋವು ತಂದರೆ, ಅದು ಲೇಖಕನ ಕೈಮೀರಿದ ಒಂದು ಸತ್ಯವೆಂದು ತೋರುತ್ತದೆ. ಅಜ್ಜಿಯ ಬಾಲ್ಯದ ಗೆಳತಿ ತಿಪ್ಪಜ್ಜಿಯ ಸಂಗತಿ ಬಂದಾಗ ಅವಳ ದನಿ ಬದಲಾಗುವುದನ್ನು ಇಲ್ಲಿ ನೆನೆಯಬಹುದು. ಸಾವಿರಾರು ವರ್ಷಗಳ ಹಿಂದಕ್ಕೆ ನೋಡಬಲ್ಲವಳು ಒಬ್ಬ ಗೆಳತಿಯ ನೆನಪಿನೆದುರು ಬರಿಯ ಒಬ್ಬ ಮುದುಕಿ. ಆ ಹೊತ್ತಿನಲ್ಲಿ ಅವಳಿಂದ ಯಾವ ಸಿದ್ಧಾಂತವೂ ಸ್ಥಾಪಿತವಾಗುವುದಿಲ್ಲ. ಅವಳ ಶಕ್ತಿಯ ಬಗೆಗಿನ ನಂಬಿಕೆ ಮಾತ್ರ ಇಮ್ಮಡಿಯಾಗುತ್ತದೆ.

6

ಈ ಪ್ರತಿಪಾದನೆಯನ್ನು ಪರೀಕ್ಷಿಸಲು ಅದೇ ಕಾಲಾವಧಿಯ ಇನ್ನೆರಡು ಕಾದಂಬರಿಗಳನ್ನು ಎದುರಿಗಿಡುವುದು ಉಚಿತ. ಎಸ್.ಎಲ್. ಭೈರಪ್ಪನವರ 'ಪರ್ವ' 1979ರಲ್ಲಿಯೂ, ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿಯೂ ಪ್ರಕಟವಾದವು.

'ಪರ್ವ' ಕಾರಂತರಿಗೆ ತದ್ವಿರುದ್ಧವಾದ ಕೆಲಸ ಮಾಡುತ್ತದೆ. ಕಾರಂತರು ಸಾಧಾರಣ ಮುದುಕಿಗೆ ಅಸಾಧಾರಣ ಶಕ್ತಿಯನ್ನು ಕೊಟ್ಟರೆ, ಭೈರಪ್ಪನವರು ಪರಂಪರೆ ಅಸಾಧಾರಣಗೊಳಿಸಿದ ಪಾತ್ರಗಳಿಂದ ಆ ಶಕ್ತಿಯನ್ನು ಕಳಚುತ್ತಾರೆ. ವರವಿಲ್ಲ, ಶಾಪವಿಲ್ಲ, ಮಂತ್ರಾಸ್ತ್ರವಿಲ್ಲ. ಕುಂತಿಯ ಮಕ್ಕಳು ಹಿಮಾಲಯದ ದೇವಜನಾಂಗದವರಿಂದ ನಿಯೋಗದ ಮೂಲಕ ಹುಟ್ಟಿದವರು. ಆನಂದವರ್ಧನನ ದಿವ್ಯಮಾನುಷರು ಇಲ್ಲಿ ಕೇವಲ ಮಾನುಷರಾಗುತ್ತಾರೆ. ಇದರಿಂದ ಕೃತಿಗೆ ದೊರೆತ ಲಾಭ ದೊಡ್ಡದು: ಹಸಿವು, ಮುಪ್ಪು, ಕೊಳೆತ ಹೆಣಗಳ ನಾತ, ಗಂಡಂದಿರ ನಡುವೆ ಹಂಚಿಹೋದ ಹೆಣ್ಣಿನ ಮನಸ್ಸು, ಇವೆಲ್ಲ ಯುದ್ಧದ ಕಥೆಯ ಮುನ್ನೆಲೆಗೆ ಬರುತ್ತವೆ. ಆದರೆ ಪವಾಡವನ್ನು ತೆಗೆದ ಮಾತ್ರಕ್ಕೆ ಸಂಭಾವ್ಯತೆ ತಾನಾಗಿ ದೊರಕದು ಎಂಬುದನ್ನೂ ಈ ಕೃತಿ ತೋರಿಸುತ್ತದೆ. ಒಂದೊಂದು ಅದ್ಭುತಕ್ಕೂ ಒಂದೊಂದು ಲೌಕಿಕ ಕಾರಣ ತಪ್ಪದೆ ಹೊಂದಿಕೊಂಡು ಬರುವಾಗ ಆ ಹೊಂದಾಣಿಕೆಯೇ ಪೂರ್ವಯೋಜಿತವೆನಿಸುತ್ತದೆ. ಕಾರಣಗಳೂ ಲೇಖಕನಿಗೆ ಅತಿವಿಧೇಯವಾಗಬಲ್ಲವು. 'ಪರ್ವ'ದ ಶ್ರೇಷ್ಠ ಭಾಗಗಳು, ವಿವರಣೆಯ ಹಂಗಿಲ್ಲದೆ ಪಾತ್ರಗಳು ತಮ್ಮ ನೆನಪುಗಳೊಂದಿಗೆ ಒಂಟಿಯಾಗಿ ಉಳಿಯುವ ಭಾಗಗಳೇ ಆಗಿವೆ.

'ಕರ್ವಾಲೊ' ಮೂರನೆಯ ದಾರಿಯನ್ನು ಹಿಡಿಯುತ್ತದೆ. ಮೂಡಿಗೆರೆಯ ಸುತ್ತಿನ ಹಳ್ಳಿಯ ಮಂದಣ್ಣ ಲೋಕದ ಕಣ್ಣಿಗೆ ಒಬ್ಬ ಪೋಲಿ. ಜೇನು ಸಾಕಣೆಯ ನಾಲ್ಕು ವಿದ್ಯೆ ಬಲ್ಲ. ಒಂದು ನೌಕರಿ, ಒಂದು ಮದುವೆ ಅವನ ಬಯಕೆ. ಕಳ್ಳಭಟ್ಟಿಯ ಮೊಕದ್ದಮೆಯಲ್ಲಿ ಸಿಕ್ಕಿಬೀಳುತ್ತಾನೆ. ವಿಜ್ಞಾನಿ ಕರ್ವಾಲೊ ಇವನಲ್ಲಿ ಬೇರೊಂದನ್ನು ಕಾಣುತ್ತಾರೆ: ಕಾಡಿನ ಸಣ್ಣ ಚಲನವಲನವನ್ನೂ ತಪ್ಪದೆ ಗುರುತಿಸುವ ಕಣ್ಣು. ಹಾರುವ ಓತಿಯನ್ನು ಮೊದಲು ಕಂಡವನು ಅವನು. ಇಲ್ಲಿ ಅಲೌಕಿಕವಾದುದೇನೂ ಇಲ್ಲ. ಹಾರುವ ಓತಿಯ ಒಂದು ಜಾತಿ ಪಶ್ಚಿಮಘಟ್ಟದ ಕಾಡುಗಳಲ್ಲಿ, ತೋಟಗಳಲ್ಲಿ ಇಂದಿಗೂ ಇದೆ. ಕಾದಂಬರಿ ಅದನ್ನು ಕೋಟ್ಯಂತರ ವರ್ಷಗಳ ವಿಕಾಸದ ರಹಸ್ಯಕ್ಕೆ ಸಂಕೇತವಾಗಿಸುತ್ತದೆ. ಮಂದಣ್ಣನ ಶಕ್ತಿ ಕಾಡಿನ ಒಡನಾಟದಿಂದ ಬಂದ ಗಮನದ ಶಕ್ತಿ.

ಆದರೂ ಮೂಕಜ್ಜಿಯನ್ನು ನಂಬುವಂತೆ ಮಾಡಿದ ಅಂಶಗಳೇ ಮಂದಣ್ಣನಲ್ಲಿಯೂ ಇವೆ. ಶಕ್ತಿಗೆ ಬದುಕಿನ ಬೇರಿದೆ. ಸಂದೇಹಿಸುವ ಸಾಕ್ಷಿಯಾಗಿ ನಿರೂಪಕನಿದ್ದಾನೆ. ಮಂದಣ್ಣನ ಬಗೆಗೆ ಅವನ ತಾತ್ಸಾರ ನಿಧಾನವಾಗಿ ಕರಗುತ್ತದೆ. ಮಿತಿಯಿದೆ, ಓತಿಯನ್ನು ಕಂಡವನಿಗೆ ತಾನು ಕಂಡದ್ದು ಎಷ್ಟು ದೊಡ್ಡದೆಂಬುದು ತಿಳಿಯದು. ಎಲ್ಲಕ್ಕಿಂತ ಮಿಗಿಲಾಗಿ ಅವಿಧೇಯತೆಯಿದೆ. ಹುಡುಕಾಟದ ಕೊನೆಯಲ್ಲಿ ಓತಿ ಕಣ್ಣಿಗೆ ಬೀಳುತ್ತದೆ, ಕೈಗೆ ಸಿಗದೆ ಪ್ರಪಾತದ ಕಡೆಗೆ ತೇಲಿಹೋಗುತ್ತದೆ. ಇಡೀ ತಂಡದ ಶ್ರಮ, ವಿಜ್ಞಾನಿಯ ಪಾಂಡಿತ್ಯ, ಮಂದಣ್ಣನ ಕಣ್ಣು, ಮರ ಹತ್ತುವ ಕರಿಯಪ್ಪನ ಚಾತುರ್ಯ ಎಲ್ಲವೂ ಸೇರಿ ಅದನ್ನು ಹಿಡಿಯಲಾರದೆ ಹೋದುದರಿಂದಲೇ ಅವರೆಲ್ಲರ ಶಕ್ತಿ ನಮಗೆ ನಿಜವೆನಿಸುತ್ತದೆ. ಅಜ್ಜಿಯ ಅಲೌಕಿಕ ಶಕ್ತಿಗೂ ಮಂದಣ್ಣನ ಲೌಕಿಕ ಶಕ್ತಿಗೂ ಸಂಭಾವ್ಯತೆಯ ನಿಯಮ ಒಂದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

7

ಕರ್ನಾಟಕದ ಹೊರಗಿನ ಅಧ್ಯಯನಕ್ಕೆ ಸಂಬಂಧಿಸಿದ ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ಇಂಗ್ಲಿಷ್ ವಿಭಾಗಗಳ ತೌಲನಿಕ ಪತ್ರಿಕೆಗಳಲ್ಲಿ ಮೂಕಜ್ಜಿಗೆ ಮಾಂತ್ರಿಕ ವಾಸ್ತವತೆಯ ಹಣೆಪಟ್ಟಿ ಅಂಟಿಸುವುದು ಸುಲಭ. ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ ನೂರು ವರ್ಷಗಳ ಏಕಾಂತದ ಕಾದಂಬರಿ ಸ್ಪ್ಯಾನಿಷ್ ಭಾಷೆಯಲ್ಲಿ 1967ರಲ್ಲಿ ಬಂದಿತು. ಅದರ ಇಂಗ್ಲಿಷ್ ಅನುವಾದ 1970ರದು. 1968ರ ಮೂಕಜ್ಜಿ ಅದರ ಪ್ರಭಾವದಿಂದ ಹುಟ್ಟಿದವಳೆಂದು ಭಾವಿಸಲು ಎಡೆಯಿಲ್ಲ. ಪ್ರಭಾವದ ಮಾತನ್ನು ಬಿಟ್ಟರೂ ಸ್ವಭಾವವೇ ಬೇರೆ. ಮಾರ್ಕೆಸ್‌ನ ಸುಂದರಿ ರೆಮೆಡಿಯೋಸ್ ಒಗೆದ ಹೊದಿಕೆಗಳ ಸಮೇತ ಆಕಾಶಕ್ಕೇರುವಾಗ, ಅಚ್ಚರಿಗೊಳ್ಳದ ನಿರೂಪಣೆಯೇ ನಂಬಿಕೆಯನ್ನು ಹುಟ್ಟಿಸುತ್ತದೆ. ಕೈಗೆ ಸಿಗುವ ಆ ಹೊದಿಕೆಗಳು ಅದಕ್ಕೆ ನೆರವಾಗುತ್ತವೆ. ಕಾರಂತರ ಕೃತಿಯಲ್ಲಿ ಅಚ್ಚರಿಯೂ ಇದೆ, ಸಂದೇಹವೂ ಇದೆ, ವಾದವೂ ಇದೆ. ಅದು ಅದ್ಭುತವನ್ನು ದಿನಚರಿಯಾಗಿಸುವ ಬರವಣಿಗೆಯಲ್ಲ. ದಿನಚರಿಯ ನಡುವೆ ಅದ್ಭುತವನ್ನು ವಿಚಾರಣೆಗೆ ಒಡ್ಡುವ ಬರವಣಿಗೆ.

ಇದಕ್ಕಿಂತ ಹತ್ತಿರದ ಹೋಲಿಕೆಗಳು ನಮ್ಮ ನೆರೆಯಲ್ಲಿಯೇ ಇವೆ. ಸತ್ಯಜಿತ್ ರಾಯ್ ಅವರು 1971ರಲ್ಲಿ ಬಂಗಾಳಿಯಲ್ಲಿ ಬರೆದು 1974ರಲ್ಲಿ ಚಲನಚಿತ್ರವಾಗಿಸಿದ 'ಸೋನಾರ್ ಕೆಲ್ಲಾ'ದ ಬಾಲಕ ಮುಕುಲ್ ಜಾತಿಸ್ಮರ. ಹಿಂದಿನ ಜನ್ಮದ ಚಿನ್ನದ ಕೋಟೆಯನ್ನು ಅವನೂ ಶ್ರೀಮತಿಯಂತೆ ಚಿತ್ರವಾಗಿ ಬರೆಯುತ್ತಾನೆ. ಆ ನೆನಪಿನಿಂದ ನಿಧಿಯನ್ನು ದೋಚಹೊರಟ ದುಷ್ಟರ ಲೆಕ್ಕಾಚಾರ ತಲೆಕೆಳಗಾಗುತ್ತದೆ. ಹುಡುಗ ಜೈಸಲ್ಮೇರಿನ ಕೋಟೆಯನ್ನು ತಲುಪಿದ ಮೇಲೆ ಬಯಸುವುದು ಕಲಕತ್ತೆಯ ತನ್ನ ಮನೆಯನ್ನು. ಮಕ್ಕಳಿಗಾಗಿ ಬರೆದ ಈ ಪತ್ತೇದಾರಿ ಕಥೆಯಲ್ಲಿಯೂ ಶಕ್ತಿ ಯಾರ ಪ್ರಯೋಜನಕ್ಕೂ ಒದಗದೆ ಹೋಗುವುದರಿಂದಲೇ ಅದು ನಂಬಿಕೆಗೆ ಅರ್ಹವಾಗುತ್ತದೆ.

2019ರಲ್ಲಿ ಪಿ. ಶೇಷಾದ್ರಿಯವರ ನಿರ್ದೇಶನದಲ್ಲಿ ಚಲನಚಿತ್ರವಾಗಿ ಬಂದಾಗ 'ಮೂಕಜ್ಜಿಯ ಕನಸುಗಳು' ಇದೇ ಸಮಸ್ಯೆಯನ್ನು ಇನ್ನೊಂದು ಮಾಧ್ಯಮದಲ್ಲಿ ಎದುರಿಸಬೇಕಾಯಿತು. ಅಕ್ಷರದಲ್ಲಿ ಅಜ್ಜಿ ಕಂಡದ್ದನ್ನು ನಾವು ಕೇಳುತ್ತೇವೆ. ಪರದೆಯ ಮೇಲೆ ಅದನ್ನು ಕಣ್ಣಾರೆ ತೋರಿಸಿದೊಡನೆ ಅದು ಸಾಬೀತಾದ ಸತ್ಯವಾಗಿಬಿಡುವ ಅಪಾಯವಿದೆ. ಬಿ. ಜಯಶ್ರೀಯವರ ಅಭಿನಯದಲ್ಲಿ ಮುಖ ಮತ್ತು ದನಿಗಳು ಹೊತ್ತ ಭಾರವನ್ನು ಗಮನಿಸಿದರೆ ಕಾದಂಬರಿಯಲ್ಲಿಯೂ ಕಾಣ್ಕೆಗಿಂತ ಕಾಣುವವಳೇ ಮುಖ್ಯಳೆಂಬುದು ಮನದಟ್ಟಾಗುತ್ತದೆ.

8

ಅಜ್ಜಿಗೆ ಅದೆಲ್ಲ ಹೇಗೆ ತಿಳಿಯಿತು ಎಂಬ ವಿದ್ಯಾರ್ಥಿಗಳ ಪ್ರಶ್ನೆಗೆ ಈಗ ಮರಳಬಹುದು. ಕೃತಿ ಅದಕ್ಕೆ ಉತ್ತರ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆ ಪ್ರಶ್ನೆಯ ಜಾಗದಲ್ಲಿ ಇನ್ನೊಂದನ್ನು ನಮ್ಮಿಂದ ಕೇಳಿಸುವುದು ಅದರ ಗೆಲುವು: ಇಷ್ಟನ್ನು ಬಲ್ಲವಳನ್ನು ಎಂಬತ್ತು ವರ್ಷಗಳವರೆಗೆ ಯಾರೂ ಏಕೆ ಕೇಳಲಿಲ್ಲ? ಮೊದಲ ಪ್ರಶ್ನೆ ಅಲೌಕಿಕಕ್ಕೆ ಸಂಬಂಧಿಸಿದ್ದು. ಎರಡನೆಯದು ನಮ್ಮ ಮನೆಗಳಿಗೆ, ನಮ್ಮ ಸಮಾಜಕ್ಕೆ ಸಂಬಂಧಿಸಿದ್ದು. ಅವಳ ಶಕ್ತಿಯನ್ನು ನಂಬಿದ ಓದುಗ ಮಾತ್ರ ಅವಳ ಮೌನದಿಂದಾದ ನಷ್ಟವನ್ನು ಅಳೆಯಬಲ್ಲ. ಆದುದರಿಂದ ಇಲ್ಲಿ ಸಂಭಾವ್ಯತೆಯೆಂಬುದು ತಂತ್ರದ ಕುಶಲತೆ ಮಾತ್ರವಲ್ಲ, ಕೃತಿಯ ನೈತಿಕ ಭಾರವನ್ನು ಹೊರುವ ತೊಲೆ. ಅಜ್ಜಿ ಉಪನ್ಯಾಸಕಿಯಾಗುವ ಪುಟಗಳಲ್ಲಿ ಆ ತೊಲೆ ಬಾಗುತ್ತದೆಂದು ನಾವು ಹೇಳಿದ್ದು ಈ ಕಾರಣಕ್ಕಾಗಿ.

ಅಸಾಧಾರಣ ಶಕ್ತಿಯುಳ್ಳ ಸಾಧಾರಣ ಮನುಷ್ಯರು ಭಾರತೀಯ ಭಾಷೆಗಳ ಕಥನದಲ್ಲಿ ಎಲ್ಲೆಡೆ ಸಿಗುತ್ತಾರೆ. ಅವರನ್ನು ಪವಾಡ, ಮೌಢ್ಯ ಅಥವಾ ಮಾಂತ್ರಿಕತೆಯ ಗೂಡುಗಳಲ್ಲಿ ವಿಂಗಡಿಸುವುದಕ್ಕೆ ಬದಲಾಗಿ, ಆಯಾ ಶಕ್ತಿಗೆ ಕೃತಿ ಒದಗಿಸುವ ಬೇರು, ಮಿತಿ, ಸಾಕ್ಷಿಗಳನ್ನೂ ಅದು ಲೇಖಕನಿಗೆ ತೋರುವ ಅವಿಧೇಯತೆಯನ್ನೂ ಪರಿಶೀಲಿಸುವುದು ಹೆಚ್ಚು ಫಲಪ್ರದವೆಂದು ನಾವು ಭಾವಿಸುತ್ತೇವೆ. ಎರಡು ಭಾಷೆಗಳ ನಡುವೆ ಬಾಳುವ ಹೊರನಾಡಿನ ಕನ್ನಡ ಸಂಶೋಧಕರಿಗೆ ಮರಾಠಿ, ತಮಿಳು, ತೆಲುಗು, ಹಿಂದಿ ಕಾದಂಬರಿಗಳು ನಿತ್ಯದ ಓದಿನಲ್ಲಿಯೇ ದೊರಕುತ್ತವೆ. ಈ ತೌಲನಿಕ ಅಧ್ಯಯನಕ್ಕೆ ಅವರಷ್ಟು ಅನುಕೂಲವಾದ ನೆಲೆಯಲ್ಲಿರುವವರು ವಿರಳ. ಆ ದಿಕ್ಕಿನಲ್ಲಿ ಕೆಲಸ ನಡೆಯಬೇಕಾಗಿದೆ.